ಅಪ್‌ಡೇಟ್: ಟಿವಿ ಹಿನ್ನೆಲೆ ಧ್ವನಿಯ ಅಭ್ಯಾಸ, ವಿಜಯಪುರದ ಮನೆಯಿಂದ

ಟಿವಿ ಸಾಕ್ಷ್ಯಚಿತ್ರಗಳಿಗೆ ಹಿನ್ನೆಲೆ ಧ್ವನಿ ಕೊಡಲು ಅಭ್ಯಾಸ ಮಾಡುತ್ತಿದ್ದೇನೆ, ಮನೆಯಲ್ಲಿ ರೆಕಾರ್ಡ್ ಮಾಡಿದರೆ ದನಿ ಗುಂಯ್‌ಗುಡುತ್ತದೆ, ‘ಪ’, ‘ಫ’ ಬಂದಲ್ಲೆಲ್ಲ ಮೈಕ್ ಧಡ್ ಎನ್ನುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಎರಡೂ ತೊಂದರೆ ನೀಗಿವೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದಗಳು.

ಗೆದ್ದದ್ದು ಕೌದಿಯ ಸಲಹೆ. ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ಅವ್ವ ಹೊಲಿದ ದಪ್ಪ ಕೌದಿಗಳನ್ನು ಹಗ್ಗಕ್ಕೆ ಇಳಿಬಿಟ್ಟೆ. ಬರಿಗೋಡೆಗೆ ಬಡಿದು ಮರಳುತ್ತಿದ್ದ ಸದ್ದು ಅಲ್ಲೇ ಇಂಗಿತು. ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇಗಳಿಂದ ಮಾತ್ರ ಏನೂ ಪ್ರಯೋಜನವಾಗಲಿಲ್ಲ. ಮೈಕನ್ನು ಬಾಯಿಯ ನೇರಕ್ಕಿಡದೆ, ಒಂದು ಗೇಣು ದೂರದಲ್ಲಿ ತುಸು ಓರೆಯಾಗಿಟ್ಟರೆ ಪಕಾರದ ಗಾಳಿ ಪಕ್ಕಕ್ಕೆ ಸರಿದುಹೋಗುತ್ತದೆ.

ಉಚ್ಚಾರಣೆ ಸ್ಪಷ್ಟವಾಗಲೆಂದು ಪೆನ್ಸಿಲ್ ಕಚ್ಚಿಕೊಂಡು ಓದಿದ್ದರಿಂದ ನನಗೆ ದವಡೆ ನೋವಷ್ಟೇ ಬಂತು. ದೃಶ್ಯದ ಸದ್ದಡಗಿಸಿ, ಅದನ್ನು ನೋಡುತ್ತಲೇ ಓದಿ ಎಂದವರ ಮಾತು ಕಣ್ಣು ತೆರೆಸಿತು. ಗೋಳಗುಮ್ಮಟದ ದೃಶ್ಯವೊಂದನ್ನು ಆರಿಸಿಕೊಂಡೆ. ‘ಸುಮಾರು 44 ಮೀಟರ್ ವ್ಯಾಸದ ಗುಮ್ಮಟ’ ಎಂಬ ಸಾಲು ಗುಮ್ಮಟ ತೆರೆಗೆ ಬರುವ ಮೊದಲೇ ಮುಗಿದರೆ ಅದಕ್ಕೆ ಜೀವವೇ ಇರುವುದಿಲ್ಲ. ಚಿತ್ರ ಬರುವವರೆಗೆ ಉಸಿರು ಹಿಡಿದು ಕಾಯಬೇಕು. ಓದುವುದಕ್ಕಿಂತ ಈ ಕಾಯುವಿಕೆಗೇ ಹೆಚ್ಚು ತಾಲೀಮು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇಲ್ಲಿ ಯಾರೂ ಹೇಳದ ಸಂಗತಿಯೊಂದಿದೆ. ಸ್ಟುಡಿಯೊಕ್ಕೆ ಮಾದರಿ ಕಳುಹಿಸಿದಾಗ 48 ಕಿಲೋಹರ್ಟ್ಸ್‌ನ, ಅಂದರೆ ದನಿಯನ್ನು ಸೆಕೆಂಡಿಗೆ 48,000 ಬಾರಿ ಅಳೆದು ದಾಖಲಿಸಿದ, ವೇವ್ ಫೈಲ್ (ಒಂದು ಬಗೆಯ ಧ್ವನಿ ಫೈಲ್) ಕೇಳಿದರು. ಹಾಡಿನ ಸಿಡಿಗೆ 44.1 ನಡೆಯುತ್ತದೆ, ವಿಡಿಯೊಗೆ 48 ರೂಢಿ. ಮೊದಲೇ ಆ್ಯಪ್‌ನಲ್ಲಿ ಬದಲಿಸಿಕೊಳ್ಳಿ. ಮಾದರಿ ಅವರಿಗೆ ಒಪ್ಪಿಗೆಯಾಗಿದೆ, ಮೊದಲ ಕೆಲಸವಾಗಿ ಕೃಷಿ ಕಾರ್ಯಕ್ರಮವೊಂದರ ನಿರೂಪಣೆ ಸಿಕ್ಕಿದೆ.