ಹೈಸ್ಕೂಲ್ ಮಗಳು ಅಡುಗೆ ಕ್ಲಾಸ್, ಚೈಲ್ಡ್ ಡೆವಲಪ್‌ಮೆಂಟ್ ಬೇಕು ಅನ್ನುತ್ತಿದ್ದಾಳೆ. ಮಕ್ಕಳಿಗೆ ಕೊಡಿಸಿದವರು ಅನುಭವ ಹೇಳಿ

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನಲ್ಲಿ, ಡಲ್ಲಾಸ್ ಹತ್ತಿರ ಇದ್ದೇವೆ. ಮಗಳು ಈಗ ಒಂಬತ್ತನೇ ಕ್ಲಾಸ್. ಮುಂದಿನ ವರ್ಷಕ್ಕೆ ವಿಷಯ ಆರಿಸುವ ಫಾರಂ ಬಂದಿದೆ, ಶುಕ್ರವಾರದೊಳಗೆ ಕೊಡಬೇಕು. ಒಂದು ಎಲೆಕ್ಟಿವ್ (ನಾವೇ ಆರಿಸುವ ವಿಷಯ) ಖಾಲಿ ಇದೆ. ಅವಳಿಗೆ ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸ್ ವಿಭಾಗದ ಚೈಲ್ಡ್ ಡೆವಲಪ್‌ಮೆಂಟ್ ಬೇಕಂತೆ, ಇಲ್ಲಾಂದ್ರೆ ಕಲಿನರಿ, ಅಂದ್ರೆ ಅಡುಗೆ ಕ್ಲಾಸ್. ನಮ್ಮ ಯಜಮಾನರು ಆ ಜಾಗಕ್ಕೆ ಇನ್ನೊಂದು ಎಪಿ (ಕಾಲೇಜು ಮಟ್ಟದ ಕ್ಲಾಸ್) ಹಾಕಿಸು ಅನ್ನುತ್ತಾರೆ. ಊರಿಗೆ ಫೋನ್ ಮಾಡಿದಾಗ ಅತ್ತೆ, "ಅಡುಗೆ ಕಲಿಯೋಕೆ ಅಮೆರಿಕದ ಸ್ಕೂಲು ಬೇಕೇನಮ್ಮ" ಅಂದರು. ನಾವು ಮಾಂಸ ತಿನ್ನುವುದಿಲ್ಲ, ಅದೂ ಒಂದು ಚಿಂತೆ. ಕೊಡಿಸಬಹುದಾ?

ಉತ್ತರ 1:

ನಾವೂ ಟೆಕ್ಸಾಸ್‌ನವರೇ. ನನ್ನ ಮಗಳು ಚೈಲ್ಡ್ ಡೆವಲಪ್‌ಮೆಂಟ್ ಮಾಡಿದಳು, ಮಗ ಕಲಿನರಿ ಮಾಡಿದ. ಕೊಡಿಸಿ ಅಂತಲೇ ನಾನು ಹೇಳುವುದು. ಆದರೆ ಜಿಪಿಎ, ಅಂದ್ರೆ ಎಲ್ಲ ಕ್ಲಾಸುಗಳ ಸರಾಸರಿ ಅಂಕದ ಲೆಕ್ಕ ಸರಿಯಾಗಿ ತಿಳಿದುಕೊಂಡು ಕೊಡಿಸಿ. ನಮಗೆ ಪೆಟ್ಟು ಬಿದ್ದಿದ್ದು ಅಲ್ಲೇ.

ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಎಪಿ ಕ್ಲಾಸಿನಲ್ಲಿ ಎ ಗ್ರೇಡ್ ಬಂದರೆ 5 ಅಂಕ, ಮಾಮೂಲಿ ಕ್ಲಾಸಿನಲ್ಲಿ ಎ ಬಂದರೆ 4. ಏಳು ಕ್ಲಾಸ್ ಇದ್ದು ಏಳೂ ಎಪಿ ಆದರೆ 5.0 ಬರುತ್ತದೆ. ಆರು ಎಪಿ, ಒಂದು ಕಲಿನರಿ ಅಂದ್ರೆ 34ನ್ನು 7ರಿಂದ ಭಾಗಿಸಿ, 4.86. ಮಗು ಕಲಿನರಿಯಲ್ಲಿ ನೂರಕ್ಕೆ ನೂರು ತೆಗೆದರೂ ಇಷ್ಟೇ. ಟೆಕ್ಸಾಸ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಾಸ್ ಕ್ಲಾಸ್ ರ‍್ಯಾಂಕ್ ನೋಡಿಯೇ ಟೆಕ್ಸಾಸ್ ಮಕ್ಕಳಿಗೆ ಹೆಚ್ಚಿನ ಸೀಟು ಕೊಡುತ್ತದೆ, ಮುಂಚೆ ಮೊದಲ 6 ಪರ್ಸೆಂಟ್ ಮಕ್ಕಳಿಗೆ ಇತ್ತು, 2026ರ ಅಡ್ಮಿಷನ್‌ನಿಂದ 5 ಪರ್ಸೆಂಟ್ ಮಾಡಿದ್ದಾರೆ. ಅದೂ ಯೂನಿವರ್ಸಿಟಿಗೆ ಸೀಟು, ಬೇಕಾದ ಮೇಜರ್‌ಗೆ ಅಲ್ಲ. ಮಗನ ರ‍್ಯಾಂಕ್ ಆ ವರ್ಷ ಸ್ವಲ್ಪ ಕೆಳಗೆ ಬಂತು. ವರ್ಷ ಮುಗಿದ ಮೇಲೆ ಗೊತ್ತಾಯಿತು, ನಮ್ಮಲ್ಲಿ ಒಂದು ಎಲೆಕ್ಟಿವ್ ಅನ್ನು ಪಾಸ್-ಫೇಲ್ ಅಂತ ಬರೆಸಿ ಜಿಪಿಎಯಿಂದ ಹೊರಗಿಡಬಹುದಿತ್ತಂತೆ, ಅದಕ್ಕೆ ಮೊದಲ ಕೆಲವು ವಾರಗಳಲ್ಲೇ ಅರ್ಜಿ ಕೊಡಬೇಕಿತ್ತಂತೆ. ಕೌನ್ಸೆಲರ್ ಹೇಳಲಿಲ್ಲ, ನಾವೂ ಕೇಳಲಿಲ್ಲ. ಇದು ಡಿಸ್ಟ್ರಿಕ್ಟ್‌ನಿಂದ ಡಿಸ್ಟ್ರಿಕ್ಟ್‌ಗೆ ಬೇರೆ. ನೀವು ನಾಳೆಯೇ ಇಮೇಲ್ ಹಾಕಿ, ಈ ಕ್ಲಾಸಿನ ವೆಯ್ಟ್ ಎಷ್ಟು, ರ‍್ಯಾಂಕ್‌ಗೆ ಸೇರುತ್ತದಾ, ಪಾಸ್-ಫೇಲ್ ಮಾಡಬಹುದಾ ಅಂತ ಕೇಳಿ. ಉತ್ತರ ಬರಹದಲ್ಲೇ ಇರಲಿ.

ಇನ್ನು ಕ್ಲಾಸಿನ ವಿಷಯ. ಚೈಲ್ಡ್ ಡೆವಲಪ್‌ಮೆಂಟ್ ಅಂದ್ರೆ ಮಕ್ಕಳನ್ನು ಆಡಿಸುವುದು ಅಂದುಕೊಂಡಿದ್ದೆ. ಹಾಗಲ್ಲ. ಗರ್ಭದಿಂದ ಶುರು ಮಾಡಿ ಯಾವ ತಿಂಗಳಲ್ಲಿ ಮಗು ಏನು ಮಾಡುತ್ತದೆ, ಮಾತು ಯಾವಾಗ ಬರಬೇಕು, ಮನಶ್ಶಾಸ್ತ್ರಜ್ಞರಾದ ಪಿಯಾಜೆ ಏನು ಹೇಳಿದ, ಎರಿಕ್ಸನ್ ಏನು ಹೇಳಿದ, ಎಲ್ಲ ಓದಿಸುತ್ತಾರೆ. ಪರೀಕ್ಷೆ ಇರುತ್ತದೆ. ಅದರ ಜೊತೆಗೆ ನಿಜವಾದ ಕೂಸಿನ ಹಾಗೆ ಅಳುವ ಒಂದು ಗೊಂಬೆ.

ರಿಯಲ್‌ಕೇರ್ ಬೇಬಿ ಅಂತ ಅದರ ಹೆಸರು. ವೀಕೆಂಡ್‌ಗೆ ಮನೆಗೆ ಕಳಿಸುತ್ತಾರೆ. ಮಗಳು ಶುಕ್ರವಾರ ಅದನ್ನು ಕಾರ್ ಸೀಟಿನಲ್ಲಿ ಕಟ್ಟಿಕೊಂಡೇ ಬಂದಳು. ಅವಳ ಮಣಿಕಟ್ಟಿಗೆ ಒಂದು ಪಟ್ಟಿ ಹಾಕಿದ್ದರು. ಗೊಂಬೆ ಅತ್ತಾಗ ಮೊದಲು ಆ ಪಟ್ಟಿಯನ್ನು ಅದರ ಹತ್ತಿರ ಹಿಡಿಯಬೇಕು, ಅದು ಇವಳೇ ಅಂತ ಗುರುತಿಸಿ ಒಂದು ಸದ್ದು ಮಾಡುತ್ತದೆ, ಆಮೇಲೆ ಹಾಲಾ, ತೇಗಿಸಬೇಕಾ, ಡೈಪರಾ, ಸುಮ್ನೆ ತೂಗಬೇಕಾ ಅಂತ ಇವಳು ಒಂದೊಂದಾಗಿ ಮಾಡಿ ಕಂಡುಹಿಡಿಯಬೇಕು. ಆಗ ನಮ್ಮ ಅಮ್ಮ ದಾವಣಗೆರೆಯಿಂದ ಬಂದಿದ್ದರು. ರಾತ್ರಿ ಎರಡೂವರೆಗೆ ಗೊಂಬೆ ಚೀರತೊಡಗಿತು. ಅಮ್ಮ ಎದ್ದು ಹೋಗಿ, "ಹುಡುಗಿ ಮಲಗಲಿ ಬಿಡು" ಅಂತ ತೊಡೆ ಮೇಲೆ ಹಾಕಿಕೊಂಡು ಜೋಗುಳ ಹಾಡಿದರು. ಅದು ನಿಲ್ಲಲಿಲ್ಲ. ಪಟ್ಟಿ ಇರುವುದು ಮಗಳ ಕೈಯಲ್ಲಿ, ಬೇರೆ ಯಾರು ಎತ್ತಿಕೊಂಡರೂ ಅದಕ್ಕೆ ಲೆಕ್ಕಕ್ಕಿಲ್ಲ. ಕೊನೆಗೆ ಮಗಳೇ ಕಣ್ಣುಜ್ಜಿಕೊಂಡು ಎದ್ದು ಕೂತಳು. ಅಮ್ಮ ಪಕ್ಕದಲ್ಲಿ ಕೂತು, "ಕತ್ತಿನ ಕೆಳಗೆ ಕೈ ಕೊಡು ಪುಟ್ಟಿ, ತಲೆ ಜೋತು ಬೀಳಬಾರದು" ಅಂತ ಹೇಳಿಕೊಟ್ಟರು. ಸೋಮವಾರ ಟೀಚರ್ ಗೊಂಬೆಯಲ್ಲಿ ದಾಖಲಾದ ರಿಪೋರ್ಟ್ ತೆಗೆದು ತೋರಿಸಿದರಂತೆ, ತಲೆಗೆ ಆಸರೆ ತಪ್ಪಿದ್ದು ಶುಕ್ರವಾರ ಸಂಜೆ ನಾಲ್ಕು ಸಲ. ಅಮ್ಮ ಹೇಳಿಕೊಟ್ಟ ಮೇಲೆ ಒಂದು ಸಲವೂ ಇಲ್ಲ.

ಅದೇ ವಾರ ಇನ್ನೊಂದು ಮಾತು ಬಂತು. ಮಗಳು, ಹಸುಗೂಸನ್ನು ಅಂಗಾತವೇ ಮಲಗಿಸಬೇಕು, ಒಂದು ವರ್ಷ ತುಂಬುವವರೆಗೆ ದಿಂಬು, ಹೊದಿಕೆ ಏನೂ ಪಕ್ಕದಲ್ಲಿ ಇರಬಾರದು ಅಂದಳು. ನಮ್ಮಲ್ಲಿ ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು ಇಡುತ್ತೇವಲ್ವಾ. ಅಮ್ಮ ಹದಿನೈದು ನಿಮಿಷ ಅವಳನ್ನು ಪ್ರಶ್ನೆ ಕೇಳಿದರು. ನಿದ್ದೆಯಲ್ಲಿ ಉಸಿರು ಕಟ್ಟುವ ಅಪಾಯ ಅಂತ ಅವಳು ಬಿಡಿಸಿ ಹೇಳಿದಳು. ಊರಿಗೆ ಹೋದ ಮೇಲೆ ಅಮ್ಮ ನನ್ನ ತಮ್ಮನ ಮಗುವಿಗೆ ಸಾಸಿವೆ ದಿಂಬು ಇಡಲಿಲ್ಲ. ಹದಿನೈದು ವರ್ಷದ ಹುಡುಗಿ ಕಲಿತದ್ದು ದಾವಣಗೆರೆಯ ತೊಟ್ಟಿಲವರೆಗೆ ಹೋಯಿತು. ಯಾವ ಎಪಿ ಕ್ಲಾಸೂ ನಮ್ಮ ಮನೆಯಲ್ಲಿ ಇಷ್ಟು ದೂರ ಹೋಗಿಲ್ಲ.

ಹನ್ನೆರಡನೇ ಕ್ಲಾಸಿನಲ್ಲಿ ಅವಳನ್ನು ಒಂದು ಪ್ರಿಸ್ಕೂಲ್‌ಗೆ ವಾರದಲ್ಲಿ ಕೆಲವು ದಿನ ಕಳಿಸುತ್ತಿದ್ದರು. ಅಲ್ಲಿ ಮೂರು ವರ್ಷದ ಒಂದು ಮಗು ಮಾತೇ ಆಡುತ್ತಿರಲಿಲ್ಲ, ಬರೀ ಇವಳ ಬೆರಳು ಹಿಡಿದು ಬೇಕಾದ್ದರ ಕಡೆ ಎಳೆಯುತ್ತಿತ್ತು. ಅದನ್ನು ಮನೆಗೆ ಬಂದು ದಿನಾ ಹೇಳುತ್ತಿದ್ದಳು. ಈಗ ಸ್ಪೀಚ್ ಥೆರಪಿ ಓದುತ್ತಿದ್ದಾಳೆ.

ಕಲಿನರಿಗೆ ಬರುತ್ತೇನೆ. ಅತ್ತೆಯವರ ಪ್ರಶ್ನೆಗೆ ನನ್ನ ಉತ್ತರ, ಅಲ್ಲಿ ಕಲಿಸುವುದು ರೆಸಿಪಿ ಕಮ್ಮಿ, ಶಿಸ್ತು ಜಾಸ್ತಿ. ಮೊದಲ ವಾರಗಳಲ್ಲಿ ಒಲೆ ಹತ್ತಿರವೇ ಬಿಡಲಿಲ್ಲ. ಕೈ ತೊಳೆಯುವುದು, ಚಾಕು ಹಿಡಿಯುವುದು, ಬೆರಳ ತುದಿ ಒಳಗೆ ಮಡಿಚಿ ಈರುಳ್ಳಿ ಹೆಚ್ಚುವುದು, ಥರ್ಮಾಮೀಟರ್ ಸರಿ ಇದೆಯಾ ಅಂತ ಐಸ್ ನೀರಿನಲ್ಲಿ ಅದ್ದಿ ನೋಡುವುದು. 41ರಿಂದ 135 ಡಿಗ್ರಿ ಫ್ಯಾರನ್‌ಹೀಟ್ ಮಧ್ಯೆ ಊಟ ಜಾಸ್ತಿ ಹೊತ್ತು ಇರಬಾರದು ಅನ್ನುವುದನ್ನು ಬಾಯಿಪಾಠ ಮಾಡಿಸಿದರು. ಆ ವರ್ಷವೇ ಮಗ ಸರ್ವ್‌ಸೇಫ್ ಫುಡ್ ಹ್ಯಾಂಡ್ಲರ್ ಅನ್ನುವ ಆಹಾರ ಸುರಕ್ಷತೆಯ ಸರ್ಟಿಫಿಕೇಟ್ ತೆಗೆದುಕೊಂಡ. ಬೇಸಿಗೆಯಲ್ಲಿ ಕೆಲಸಕ್ಕೆ ಸೇರುವಾಗ ಉಪಯೋಗವಾಯಿತು.

ಒಂದು ದಿನ ರಾತ್ರಿ ಉಳಿದ ಅನ್ನವನ್ನು ಕಟ್ಟೆ ಮೇಲೇ ಮುಚ್ಚಿಟ್ಟಿದ್ದೆ, ಬೆಳಗ್ಗೆ ಚಿತ್ರಾನ್ನಕ್ಕೆ ಅಂತ. ಅಮ್ಮ, ಅಜ್ಜಿ ಎಲ್ಲರೂ ಹಾಗೇ ಮಾಡಿದ್ದು. ಮಗ ಹೇಳಿದ, ಅಮ್ಮಾ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇರಬಹುದು, ಅದರ ಬೀಜಕಣ ಕುದಿಸಿದರೂ ಸಾಯುವುದಿಲ್ಲ, ಅನ್ನ ಬೆಚ್ಚಗೆ ಹೊರಗಿದ್ದರೆ ಅದು ಬೆಳೆದು ವಿಷ ಬಿಡುತ್ತದೆ, ಬೆಳಗ್ಗೆ ಒಗ್ಗರಣೆ ಹಾಕಿ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಈಗ ನಮ್ಮ ಮನೆಯಲ್ಲಿ ಉಳಿದ ಅನ್ನ ತಟ್ಟೆಯಲ್ಲಿ ತೆಳ್ಳಗೆ ಹರಡಿ, ಬೇಗ ಆರಿಸಿ ಫ್ರಿಜ್‌ಗೆ ಹೋಗುತ್ತದೆ. ಚಿತ್ರಾನ್ನ ಇನ್ನೂ ಚೆನ್ನಾಗಿ ಆಗುತ್ತದೆ, ಅನ್ನ ಉದುರುದುರಾಗಿ ಇರುತ್ತದೆ.

ಮಾಂಸದ ವಿಷಯ: ಸ್ಕೂಲ್ ಶುರುವಾದ ಮೊದಲ ವಾರವೇ ಟೀಚರ್ ಹತ್ತಿರ ಮಾತಾಡಿ. ತಿನ್ನುವುದಿಲ್ಲ ಅಂದರೆ ಸಾಲದು, ಮುಟ್ಟಬಹುದಾ ಇಲ್ವಾ ಅನ್ನುವುದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ, ಮಗಳ ಮನಸ್ಸು ಏನು ಅಂತಲೂ ಕೇಳಿ. ನಾವು ಒಪ್ಪಿಕೊಂಡಿದ್ದು ಹೀಗೆ: ಚಿಕನ್ ದಿನ ಮಗ 165 ಡಿಗ್ರಿ ಫ್ಯಾರನ್‌ಹೀಟ್ ಬಂತಾ ಅಂತ ಥರ್ಮಾಮೀಟರ್ ನೋಡುತ್ತಿದ್ದ, ಹೆಚ್ಚುವುದನ್ನು ಜೊತೆಯ ಹುಡುಗ ಮಾಡುತ್ತಿದ್ದ, ತಿನ್ನುತ್ತಿರಲಿಲ್ಲ. ಬೀಫ್ ದಿನ ಟೀಚರ್ ಅವನಿಗೆ ಬೀನ್ಸ್ ಬರ್ಗರ್ ಮಾಡಲು ಕೊಟ್ಟರು. ಮಾರ್ಷ್‌ಮ್ಯಾಲೋ ಬಗ್ಗೆ ಮಾತ್ರ ನಮಗೆ ಮೊದಲು ಹೊಳೆದಿರಲಿಲ್ಲ, ಆ ಮೆತ್ತನೆಯ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಾಟಿನ್ ಇರುತ್ತದೆ. ಅದನ್ನೂ ಹೇಳಿಡಿ.

ಉತ್ತರ 2:

ಕ್ಯಾಲಿಫೋರ್ನಿಯಾದವರು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ, ಇಲ್ಲಿ ಲೆಕ್ಕ ಬೇರೆ. ಯೂಸಿ, ಅಂದ್ರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕಾಲೇಜುಗಳು, ತಾವು ಒಪ್ಪಿದ ಹೈಸ್ಕೂಲ್ ಕ್ಲಾಸ್‌ಗಳ ಎ-ಜಿ ಪಟ್ಟಿಯಲ್ಲಿರುವ ಕ್ಲಾಸ್‌ಗಳನ್ನು ಮಾತ್ರ ತೆಗೆದುಕೊಂಡು, ಅದೂ 10, 11ನೇ ಕ್ಲಾಸಿನದ್ದು, ತಮ್ಮದೇ ಜಿಪಿಎ ಹಾಕುತ್ತವೆ. ಕೆಲವು ಸ್ಕೂಲ್‌ಗಳ ಅಡುಗೆ, ಚೈಲ್ಡ್ ಡೆವಲಪ್‌ಮೆಂಟ್ ಕ್ಲಾಸ್‌ಗಳು ಅದರ ಜಿ (ಎಲೆಕ್ಟಿವ್) ವಿಭಾಗದಲ್ಲಿ ಇವೆ, ಕೆಲವದ್ದು ಇಲ್ಲ. ಸ್ಕೂಲ್ ಹೆಸರು ಹಾಕಿ ಪಟ್ಟಿ ನೋಡಿದರೆ ಗೊತ್ತಾಗುತ್ತದೆ. ಮತ್ತೆ, ಪರ್ಸನಲ್ ಫೈನಾನ್ಸ್ ಕ್ಲಾಸ್ ಇದ್ದರೆ ಬಿಡಬೇಡಿ. ನನ್ನ ಮಗ ತನ್ನ ಮೊದಲ ಕೆಲಸದ ಡಬ್ಲ್ಯೂ-4 ಫಾರಂ (ಸಂಬಳದಿಂದ ತೆರಿಗೆ ಹಿಡಿಯುವ ಫಾರಂ) ತಾನೇ ತುಂಬಿದ. ನಾನು ಈ ದೇಶಕ್ಕೆ ಬಂದಾಗ ಆಫೀಸಿನಲ್ಲಿ ಮೂರು ಜನರನ್ನು ಕೇಳಿದ್ದೆ.

ಉತ್ತರ 3:

ನಾನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಹೋಮ್ ಸೈನ್ಸ್ ಓದಿದವಳು, ಈಗ ಮಗಳ ಮನೆಗೆ ಒಹಾಯೋಗೆ ಬಂದಿದ್ದೇನೆ. "ಮದುವೆ ಆಗೋವರೆಗೆ ಓದೋ ವಿಷಯ" ಅಂತ ನಮಗೂ ಎಲ್ಲರೂ ಅನ್ನುತ್ತಿದ್ದರು. ನಾವು ಓದಿದ್ದು ಆಹಾರ ಮತ್ತು ಪೋಷಣೆ, ಮಕ್ಕಳ ಬೆಳವಣಿಗೆ, ಬಟ್ಟೆ, ಮನೆಯ ಹಣಕಾಸು, ಹಳ್ಳಿಗಳಿಗೆ ಹೋಗಿ ತಿಳಿಸಿ ಹೇಳುವ ವಿಸ್ತರಣಾ ಕೆಲಸ. ಕೆಮಿಸ್ಟ್ರಿ ಬಿಟ್ಟು ಇದನ್ನು ಓದೋಕೆ ಆಗುವುದಿಲ್ಲ. ಅಮೆರಿಕದಲ್ಲಿ ಇದನ್ನು ಶುರು ಮಾಡಿದ ಎಲೆನ್ ಸ್ವಾಲೋ ರಿಚರ್ಡ್ಸ್ ಎಂಐಟಿಯಲ್ಲಿ ಓದಿದ ಮೊದಲ ಹೆಂಗಸು, 1873ರಲ್ಲಿ ಪದವಿ, ಆಕೆಯ ಕೆಲಸ ಕುಡಿಯುವ ನೀರಿನ ಪರೀಕ್ಷೆ. ಇಲ್ಲಿ 1990ರ ದಶಕದಲ್ಲಿ ಹೋಮ್ ಇಕನಾಮಿಕ್ಸ್ ಅನ್ನುವ ಹೆಸರು ಹೋಗಿ ಫ್ಯಾಮಿಲಿ ಅಂಡ್ ಕನ್ಸ್ಯೂಮರ್ ಸೈನ್ಸ್ ಅನ್ನುವ ಹೆಸರು ಬಂತು, ನಮ್ಮಲ್ಲೂ ಈಗ ಕಮ್ಯುನಿಟಿ ಸೈನ್ಸ್ ಅನ್ನುತ್ತಾರೆ. ಮಗಳಿಗೆ ಆಸೆ ಇದ್ದರೆ ತಡೆಯಬೇಡಮ್ಮ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ನಿಮ್ಮ ಮಾತು ಓದಿ ಕೌನ್ಸೆಲರ್‌ಗೆ ಬರೆದೆ. ನಮ್ಮಲ್ಲಿ ಚೈಲ್ಡ್ ಡೆವಲಪ್‌ಮೆಂಟ್ ರ‍್ಯಾಂಕ್‌ಗೆ ಸೇರುತ್ತದಂತೆ, ಆದರೆ ಪಾಸ್-ಫೇಲ್ ಮಾಡಿಕೊಳ್ಳಬಹುದಂತೆ. ಯಜಮಾನರು ಒಪ್ಪಿದರು. ಮುಂದಿನ ವರ್ಷ ಅದು, ಹನ್ನೊಂದರಲ್ಲಿ ಕಲಿನರಿ ನೋಡೋಣ ಅಂತ. ಕಲಿನರಿಗೆ ಏನಾದರೂ ಕೊಳ್ಳಬೇಕಾ?

ಉತ್ತರ 1:

ಒಳ್ಳೆಯದಾಯಿತು. ಕಲಿನರಿಗೆ ಚಾಕು ಕೊಳ್ಳಬೇಡಿ, ಸ್ಕೂಲ್‌ನಲ್ಲೇ ಕೊಡುತ್ತಾರೆ, ಮನೆಯಿಂದ ತರಲು ಬಿಡುವುದೂ ಇಲ್ಲ. ಲ್ಯಾಬ್ ಫೀ ಇರುತ್ತದೆ. ಜಾರದ, ಮುಂದೆ ಮುಚ್ಚಿದ ಶೂ ಒಂದು ಜೊತೆ ಬೇಕು. ಗೊಂಬೆ ಬರುವ ವೀಕೆಂಡ್ ಯಾವುದು ಅಂತ ಮೊದಲೇ ಕೇಳಿ, ಆ ಶನಿವಾರ ಯಾರ ಮನೆಗೂ ಊಟಕ್ಕೆ ಹೋಗುವ ಪ್ಲಾನ್ ಇಟ್ಟುಕೊಳ್ಳಬೇಡಿ.