ಪದ್ಮಿನಿಯ ಪಾಟಾ ಹ್ಯಾಂಗರ್‌ಗೆ ಜಂಗ್: ಮೇಲೊಂದು ಪ್ಲೇಟ್ ಹೊಡೆಸಿದರೆ ಸಾಕಾ?

ಪ್ರಶ್ನೆ (ಜೇವರ್ಗಿಯಿಂದ ಒಬ್ಬ ಸದಸ್ಯರು): ಸರ್, ನಮ್ಮ ತಂದೆಯವರ 1986ರ ಪ್ರೀಮಿಯರ್ ಪದ್ಮಿನಿ ಇದೆ. ಬಹಳ ವರ್ಷ ಮುಂಬೈಯಲ್ಲಿ ಓಡಿ ಆಮೇಲೆ ಊರಿಗೆ ಬಂತು. ಈಗ ಎಡಗಡೆ ಹಿಂಭಾಗ ಸ್ವಲ್ಪ ಕುಳಿತಿದೆ. ಸ್ಪೀಡ್ ಬ್ರೇಕರ್ ಬಂದರೆ 'ಟಕ್' ಅಂತ ಶಬ್ದ. ಪಾಟಾ (ಲೀಫ್ ಸ್ಪ್ರಿಂಗ್) ಮುರಿದಿರಬೇಕು ಅಂತ ನೋಡಿಸಿದೆ. ಪಾಟಾ ಚೆನ್ನಾಗಿದೆ. ಆದರೆ ಅದರ ಮುಂದಿನ ತುದಿ ಬಾಡಿಗೆ ಕೂಡುವ ಹ್ಯಾಂಗರ್ ಸುತ್ತ ತಗಡು ಜಂಗ್ ಹಿಡಿದು, ರೂಪಾಯಿ ನಾಣ್ಯದಷ್ಟು ತೂತು ಬಿದ್ದಿದೆ. ಮೇಲೊಂದು ಪ್ಲೇಟ್ ಇಟ್ಟು ವೆಲ್ಡ್ ಮಾಡಿ ಕೊಡುತ್ತೇವೆ, ಅರ್ಧ ದಿನದ ಕೆಲಸ ಅಂತಾರೆ ಗ್ಯಾರೇಜಿನವರು. ಮಾಡಿಸಲಾ? ಅಲ್ಲಿಯವರೆಗೆ ಓಡಿಸಬಹುದಾ?

ಉತ್ತರ (ಬಾಡಿ ವೆಲ್ಡಿಂಗ್ ಮೇಸ್ತ್ರಿ, ಕಲಬುರಗಿ): ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಓಡಿಸಬೇಡಿ. ಕಲಬುರಗಿಗೆ ತರುವುದಾದರೂ ಟೋ ಮಾಡಿಸಬೇಡಿ, ಗಾಡಿ ಮೇಲೆ ಹೇರಿಕೊಂಡೇ ತನ್ನಿ.

ಯಾಕೆ ಅಂದರೆ, ಲಾರಿಗಿರುವ ಹಾಗೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಹಿಂದಿನ ಆಕ್ಸಲ್ ಅನ್ನು ಜಾಗದಲ್ಲಿ ಹಿಡಿದಿಡುವುದು ಎರಡು ಪಾಟಾ. ಪಾಟಾದ ಹಿಂದಿನ ತುದಿ ಶಾಕಲ್‌ ಅನ್ನುವ ಆಡುವ ಕೊಂಡಿಯಲ್ಲಿ ಆಡುತ್ತದೆ, ಅದು ಬರೀ ಭಾರ ಹೊರುತ್ತದೆ. ಮುಂದಿನ ತುದಿ ಹಾಗಲ್ಲ, ಬೋಲ್ಟ್ ಹಾಕಿ ಹ್ಯಾಂಗರ್‌ಗೆ ಕೂಡಿಸಿರುತ್ತದೆ. ಎಕ್ಸಲೇಟರ್ ಒತ್ತಿದಾಗ ಆಕ್ಸಲ್ ಗಾಡಿಯನ್ನು ಮುಂದಕ್ಕೆ ತಳ್ಳುವುದು ಆ ಬೋಲ್ಟಿನಿಂದ. ಬ್ರೇಕ್ ಹಿಡಿದಾಗ ಹಿಂದಕ್ಕೆ ಎಳೆಯುವುದೂ ಅಲ್ಲಿಂದಲೇ. ಆ ಜಾಗ ಹರಿದರೆ ಆಕ್ಸಲ್ ಒಂದು ಕಡೆ ಜರುಗುತ್ತದೆ, ಸ್ಟೇರಿಂಗ್ ನೇರ ಹಿಡಿದಿದ್ದರೂ ಗಾಡಿ ಅಡ್ಡ ಹೋಗುತ್ತದೆ. ನಿಮ್ಮ ತೂತು ಮುಂದಿನ ಹ್ಯಾಂಗರ್‌ನಲ್ಲಿದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನು ಪ್ಲೇಟ್ ವಿಷಯ. ಬೇಡ. ಜಂಗ್ ಒಳಗಿಂದ ಹೊರಗೆ ಬರುತ್ತದೆ. ಹೊರಗೆ ನಾಣ್ಯದಷ್ಟು ಕಂಡರೆ ಒಳಗೆ ಅಂಗೈಯಷ್ಟು ಹೋಗಿರುತ್ತದೆ. ಒಂದು ಹಳೆಯ ಸ್ಕ್ರೂ ಡ್ರೈವರ್ ತಗೊಂಡು, ಅದರ ಹಿಡಿಯಿಂದ ತೂತಿನ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ತಗಡು 'ಟಣ್' ಅನ್ನುತ್ತದೆ. ಸತ್ತ ತಗಡು 'ದಪ್' ಅನ್ನುತ್ತದೆ. ದಪ್ ಅಂದ ಕಡೆಯಲ್ಲೆಲ್ಲ ಮೊನೆಯಿಂದ ಚುಚ್ಚಿ. ಪದರ ಪದರವಾಗಿ ಕಂದು ಸಿಪ್ಪೆ ಉದುರುತ್ತದೆ. ಕೆಲವು ಕಡೆ ಡಾಂಬರು ಬಣ್ಣವೇ ತಗಡಿನ ಹಾಗೆ ನಿಂತಿರುತ್ತದೆ, ಹಿಂದೆ ಏನೂ ಇರುವುದಿಲ್ಲ. ಟಣ್ ಅನ್ನುವ ಜಾಗ ಎಲ್ಲಿಂದ ಶುರುವಾಗುತ್ತದೋ ಅಲ್ಲಿ ಸುತ್ತ ಚಾಕ್‌ನಿಂದ ಗೆರೆ ಹಾಕಿ. ಆ ಗೆರೆಯೇ ನಿಮ್ಮ ಕೆಲಸದ ಅಳತೆ.

ಸತ್ತ ತಗಡಿಗೆ ಪ್ಲೇಟ್ ಅಂಟಿಸಿದರೆ ವೆಲ್ಡಿಂಗ್ ಗಟ್ಟಿಯಾಗಿ ಕಂಡರೂ ಅದರ ಅಂಚಿನ ಪಕ್ಕದಲ್ಲೇ ಹರಿಯುತ್ತದೆ. ಹಳೆ ತಗಡು, ಹೊಸ ಪ್ಲೇಟ್ ಎರಡರ ನಡುವೆ ನೀರು ನಿಲ್ಲುತ್ತದೆ. ಜಂಗ್ ಆದ ಕಬ್ಬಿಣ ಉಬ್ಬಿ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ, ಎರಡು ತಗಡಿನ ನಡುವಿನ ಸ್ಪಾಟ್ ವೆಲ್ಡ್ (ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆ) ಅನ್ನೇ ಬಿಚ್ಚಿಸುತ್ತದೆ. ಪ್ಲೇಟ್ ಒಳಗೆ ಇದೆಲ್ಲ ನಡೆದರೂ ನಿಮಗೆ ಕಾಣುವುದಿಲ್ಲ.

ಸರಿಯಾದ ಕೆಲಸ ಅಂದರೆ, ಕೊಳೆತದ್ದನ್ನು ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಆಕಾರದ ಹೊಸ ತುಂಡು ಕೂಡಿಸುವುದು. ಕತ್ತರಿಸುವ ಮೊದಲು ಮಾಡಬೇಕಾದದ್ದೇ ಜಾಸ್ತಿ. ಬ್ಯಾಟರಿ ವೈರ್ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದಲೇ ಹೊರಗೆ ಇಡಿ. ಖಾಲಿ ಟ್ಯಾಂಕ್ ತುಂಬಿದ್ದಕ್ಕಿಂತ ಅಪಾಯ, ಒಳಗೆ ಆವಿ ಇರುತ್ತದೆ. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ದೂರ ಸರಿಸಿ. ಪಾಟಾದ ಭಾರ ಪೂರ್ತಿ ಇಳಿಯಬೇಕು. ಗಟ್ಟಿ ಇರುವ ಕಡೆ ಬಾಡಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್ ಅನ್ನು ಬೇರೆ ಟ್ರಾಲಿ ಜಾಕ್ ಮೇಲೆ ಹಿಡಿದು ಬೋಲ್ಟ್ ತೆಗೆಯಿರಿ. ನಮ್ಮ ಕಡೆ ಶಹಾಬಾದ್ ಕಲ್ಲು ಪೇರಿಸಿ ಗಾಡಿ ನಿಲ್ಲಿಸುವ ರೂಢಿ ಇದೆ. ದಯವಿಟ್ಟು ಮಾಡಬೇಡಿ. ಆ ಕಲ್ಲು ನೆಲಕ್ಕೆ ಹಾಸಲು ಚೆನ್ನ, ಆದರೆ ಒಂದೇ ಬಿಂದುವಿನ ಮೇಲೆ ಭಾರ ಬಿದ್ದರೆ ಹೇಳದೆ ಕೇಳದೆ ಸೀಳುತ್ತದೆ. ಕೆಳಗೆ ಮನುಷ್ಯ ಮಲಗಿರುತ್ತಾನೆ.

ಹ್ಯಾಂಗರ್ ಬೋಲ್ಟಿನ ನಡುಬಿಂದು ಎಲ್ಲಿದೆ ಅಂತ ಬಲಗಡೆಯ ಜೊತೆ ಅಳೆದು ಬರೆದಿಟ್ಟುಕೊಳ್ಳಿ. ಅಡ್ಡಗೆರೆ, ಕರ್ಣ ಎರಡೂ ಅಳೆಯಿರಿ. ಆಮೇಲೆ ಎರಡು ಗಟ್ಟಿ ಜಾಗಗಳ ನಡುವೆ ಒಂದು ಆಂಗಲ್ ಅನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ, ನಂತರವೇ ಗ್ರೈಂಡರ್ ಹಚ್ಚಿ. ಇಷ್ಟು ಮಾಡದೆ ಕತ್ತರಿಸಿದರೆ ಬಾಡಿ ಸ್ವಲ್ಪ ಜಗ್ಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಹಿಂದಿನ ಚಕ್ರ ಮುಂದಿನದರ ಸಾಲಿಗೆ ಬರುವುದೇ ಇಲ್ಲ. ಚಾಸಿ ನಂಬರ್ ಇರುವ ತಗಡನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. 15 ವರ್ಷ ದಾಟಿದ ಖಾಸಗಿ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದೆ, ನಂಬರ್ ಅಳಿಸಿದ್ದರೆ ಅಲ್ಲಿ ತೊಂದರೆ.

ತುಂಡಿಗೆ ಸಾದಾ ಸಿಆರ್ ಶೀಟ್ (ಲೇಪನ ಇಲ್ಲದ ಉಕ್ಕಿನ ತಗಡು) ತಗೊಳ್ಳಿ. ನೆಲದ ತಗಡಿಗೆ 1.2 ಎಂಎಂ, ಹ್ಯಾಂಗರ್ ಕೂಡುವ ಬಲದ ತಗಡಿಗೆ 2 ಎಂಎಂ. 5 ಎಂಎಂ ಪ್ಲೇಟ್ ಹಾಕಿದರೆ ಇನ್ನೂ ಗಟ್ಟಿ ಅನಿಸುತ್ತದೆ, ಅಲ್ವಾ? ಇಲ್ಲ. ದಪ್ಪ ಪ್ಲೇಟ್ ಬಗ್ಗುವುದಿಲ್ಲ, ಎಲ್ಲ ಜಗ್ಗಾಟ ಪಕ್ಕದ ತೆಳು ತಗಡಿನ ಮೇಲೆ ಬಿದ್ದು ಅಲ್ಲಿ ಬಿರುಕು ಬರುತ್ತದೆ. ಸತು ಲೇಪಿಸಿದ ಜಿಐ ಶೀಟ್ ಬೇಡ, ವೆಲ್ಡ್ ಮಾಡಿದಾಗ ಸತುವಿನ ಹೊಗೆ ಬಂದು ಜ್ವರ ಬರಿಸುತ್ತದೆ. ಮಿಗ್ ವೆಲ್ಡಿಂಗ್ (ತಂತಿ ತಾನೇ ಬರುತ್ತಾ ಕರೆಂಟಿನಲ್ಲಿ ಕರಗಿ ಕೂಡಿಸುವ ವೆಲ್ಡಿಂಗ್), 0.8 ಎಂಎಂ ತಂತಿ. ಒಂದೇ ಸಮ ಎಳೆಯದೆ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಇಡುತ್ತಾ ತಣಿಯಲು ಬಿಟ್ಟು ಮುಂದೆ ಹೋಗಬೇಕು. ಎರಡು ಪದರ ಇರುವ ಕಡೆ ಮೇಲಿನ ತಗಡಿಗೆ 8 ಎಂಎಂ ತೂತು ಕೊರೆದು, ಆ ತೂತನ್ನು ವೆಲ್ಡಿನಿಂದ ತುಂಬಿ. ಕಂಪನಿಯ ಸ್ಪಾಟ್ ವೆಲ್ಡ್ ಕೆಲಸವನ್ನು ಅದು ಮಾಡುತ್ತದೆ.

ಪ್ರಶ್ನೆ (ಯಾದಗಿರಿಯಿಂದ): ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ದಾಟುತ್ತದೆ. ಇಷ್ಟು ಒಣ ಹವೆಯಲ್ಲಿ ಜಂಗ್ ಹೇಗೆ? ಮುಂಬೈ ಉಪ್ಪುಗಾಳಿ ಒಂದೇ ಕಾರಣವಾ?

ಉತ್ತರ: ಉಪ್ಪುಗಾಳಿ ಶುರು ಮಾಡಿರಬಹುದು. ಮುಂದುವರಿಸಿದ್ದು ನಮ್ಮ ಎರೆಮಣ್ಣು. ಮಳೆಗಾಲದಲ್ಲಿ ಹೊಲದ ದಾರಿಗೆ ಹೋದರೆ ಆ ರಾಡಿ ಚಕ್ರದ ಒಳಗಿಂದ ಎದ್ದು ಹ್ಯಾಂಗರ್ ಸಂದಿಯಲ್ಲಿ ಕೂರುತ್ತದೆ. ಎರೆಮಣ್ಣು ನೀರು ಕುಡಿದು ಉಬ್ಬುವ ಮಣ್ಣು, ಬೇಗ ಬಿಡುವುದಿಲ್ಲ. ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಳಗೆ ತಗಡಿಗೆ ತಾಗಿದ ಕಡೆ ಇನ್ನೂ ಹಸಿ. ತೊಗರಿ ಬಿತ್ತನೆಯಿಂದ ದೀಪಾವಳಿವರೆಗೆ ಅಲ್ಲೇ ಇದ್ದರೆ ಏನಾಗಬೇಡ? ಸರ್ವಿಸ್ ಸ್ಟೇಷನ್‌ನಲ್ಲಿ ಮೇಲೆ ಫೋಮ್ ಹೊಡೆಸುವುದಕ್ಕಿಂತ, ಮಳೆಗಾಲ ಮುಗಿದ ಮೇಲೆ ಚಕ್ರ ಬಿಚ್ಚಿ ಆ ಸಂದಿಯನ್ನು ಕೈಯಾರೆ ಕೆದಕಿ ತೊಳೆಸಿ. ಒಣಗಿಸಲು ನಮ್ಮ ಬಿಸಿಲು ಸಾಕು.

ಪ್ರಶ್ನೆ (ಆಳಂದದಿಂದ): ನಮ್ಮೂರಲ್ಲಿ ಮಿಗ್ ಇಲ್ಲ. ಗ್ಯಾಸ್‌ನಲ್ಲಿ ಹಿತ್ತಾಳೆ ಹಾಕಿ ಬೆಸೆಯುವ ಹಳೆಯ ಮೇಸ್ತ್ರಿ ಒಬ್ಬರಿದ್ದಾರೆ, ಕೈ ಬಹಳ ಚೊಕ್ಕ.

ಉತ್ತರ: ಅಂಥ ಕೈ ಈಗ ಅಪರೂಪ. ಫೆಂಡರ್, ಬಾಗಿಲು ಅವರಿಗೇ ಕೊಡಿ. ಪಾಟಾ ಹ್ಯಾಂಗರ್‌ಗೆ ಮಾತ್ರ ಹಿತ್ತಾಳೆ ಬೆಸುಗೆ ಬೇಡ. ಸುತ್ತ ದೊಡ್ಡ ಜಾಗ ಕೆಂಪಗೆ ಕಾಯುತ್ತದೆ, ತಗಡು ಸೊಟ್ಟಾಗುತ್ತದೆ. ಮುಂದೆ ಯಾರಾದರೂ ಅಲ್ಲಿ ಮಿಗ್ ಮಾಡಲು ಹೋದರೆ ಹಿತ್ತಾಳೆ ಸೇರಿಕೊಂಡು ವೆಲ್ಡ್ ಕೆಡುತ್ತದೆ. ತುಂಡುಗಳನ್ನು ಅವರ ಕೈಯಲ್ಲೇ ತಟ್ಟಿಸಿ ಆಕಾರ ಮಾಡಿಸಿ, ವೆಲ್ಡಿಂಗ್‌ಗೆ ಕಲಬುರಗಿಗೆ ತನ್ನಿ. ಆಕಾರ ಕೊಡುವುದೇ ನಿಜವಾಗಿ ಕಷ್ಟದ ಕೆಲಸ.

ಪ್ರಶ್ನೆ (ಬೀದರ್‌ನಿಂದ): ನನ್ನದು ಅಂಬಾಸಿಡರ್. ಮುಂದಿನ ಸಸ್ಪೆನ್ಷನ್ ಹಿಂಬದಿ ಕೂಡುವ ಕ್ರಾಸ್ ಮೆಂಬರ್‌ನಲ್ಲಿ (ಬಾಡಿ ಕೆಳಗಿನ ಅಡ್ಡ ತೊಲೆ) ಇದೇ ಥರ ಜಂಗ್. ಇದೇ ವಿಧಾನವಾ?

ಉತ್ತರ: ತಗಡಿನ ಕೆಲಸ ಅದೇ. ಆದರೆ ಹಳೆಯ ಅಂಬಾಸಿಡರ್ ಮುಂದೆ ಟಾರ್ಶನ್ ಬಾರ್ ಇದೆ, ಅಂದರೆ ತಿರುಚಿ ಬಿಗಿದ ಉದ್ದನೆಯ ಸಲಾಕೆ. ಅದರ ಹಿಂದಿನ ತುದಿ ಹಿಡಿದಿರುವುದು ನೀವು ಹೇಳುವ ಜಾಗದಲ್ಲೇ. ಗಾಡಿ ಎತ್ತಿದರೂ ಅದರೊಳಗೆ ಬಲ ಉಳಿದಿರುತ್ತದೆ. ಬಾರ್ ಪೂರ್ತಿ ಸಡಿಲ ಮಾಡದೆ ಅಲ್ಲಿ ಗ್ರೈಂಡರ್ ಹಚ್ಚಿದರೆ ಕೈ ಮುರಿಯುತ್ತದೆ. ಇದನ್ನು ಮನೆಯಲ್ಲಿ ಮಾಡಲೇಬೇಡಿ, ಅಂಬಾಸಿಡರ್ ಬಿಚ್ಚಿ ಗೊತ್ತಿರುವವರಿಗೆ ಕೊಡಿ.

ಮತ್ತೆ ಜೇವರ್ಗಿಯವರು: ಅರ್ಥ ಆಯ್ತು ಸರ್, ಕತ್ತರಿಸಿಯೇ ಮಾಡಿಸುತ್ತೇನೆ. ವೆಲ್ಡಿಂಗ್ ಆದ ಮೇಲೆ ಡಾಂಬರು ಕೋಟಿಂಗ್ ಸಾಕಾ?

ಉತ್ತರ: ಕೊನೆಗೆ ಹೊಡೆಸಿ, ಮೊದಲೇ ಅಲ್ಲ. ವೆಲ್ಡಿನ ಹಿಂಬದಿಯಲ್ಲಿ ಬಣ್ಣ ಸುಟ್ಟು ಬರೀ ಲೋಹ ಉಳಿದಿರುತ್ತದೆ, ಅಲ್ಲಿಗೆ ಬ್ರಷ್ ಹೋಗುವುದಿಲ್ಲ. ಉದ್ದ ನಳಿಕೆ ಇರುವ ಕ್ಯಾವಿಟಿ ವ್ಯಾಕ್ಸ್ (ಜಂಗ್ ತಡೆಯುವ ಮೇಣ) ಅನ್ನು ಪೆಟ್ಟಿಗೆಯ ಹಾಗೆ ಮುಚ್ಚಿದ ತಗಡಿನ ಒಳಗೆ ಸಿಂಪಡಿಸಬೇಕು. ಹೊರಗೆ ಎಪಾಕ್ಸಿ ಪ್ರೈಮರ್, ಜೋಡಣೆಯ ಸಂದಿ ಮುಚ್ಚಲು ಸೀಮ್ ಸೀಲರ್, ಅದರ ಮೇಲೆ ಕೋಟಿಂಗ್. ನೀರು ಇಳಿಯುವ ಸಣ್ಣ ತೂತುಗಳು ಇರುತ್ತವೆ, ಅವನ್ನು ಕೋಟಿಂಗ್‌ನಲ್ಲಿ ಮುಚ್ಚಿಬಿಡುತ್ತಾರೆ. ನಿಂತು ನೋಡಿ, ತೆರೆಸಿ. ಬೋಲ್ಟ್ ಹೊಸದು, 8.8 ಗ್ರೇಡ್. ಹೊಸ ರಬ್ಬರ್ ಬುಷ್ ಹಾಕಿದ ಮೇಲೆ ಜಾಕ್ ಮೇಲೆಯೇ ಬೋಲ್ಟ್ ಬಿಗಿಸಬೇಡಿ. ಗಾಡಿ ಚಕ್ರದ ಮೇಲೆ ನಿಂತು ಪೂರ್ತಿ ಭಾರ ಬಂದ ಮೇಲೆ ಬಿಗಿಸಬೇಕು. ಇಲ್ಲದಿದ್ದರೆ ಬುಷ್ ತಿರುಚಿಕೊಂಡೇ ಕೂತು ಬೇಗ ಹರಿಯುತ್ತದೆ. ಬಲಗಡೆ ಹ್ಯಾಂಗರ್ ಅನ್ನೂ ಅದೇ ದಿನ ತಟ್ಟಿ ನೋಡಿಸಿ. ಅದೇ ಮಣ್ಣು, ಅದೇ ವಯಸ್ಸು.