ಹಳೇ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್: ಈ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಮೈಸೂರಿನ ನಮ್ಮ ಮೇಸ್ತ್ರಿಯವರು ಎಕ್ಸಾಸ್ಟ್ ಮ್ಯಾನಿಫೋಲ್ಡ್, ಅಂದರೆ ಇಂಜಿನ್ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಬಿಡುವ ಭಾಗದ ಬಗ್ಗೆ ಉತ್ತರ ಕೊಡುತ್ತಾರೆ. ಅಂಬಾಸಿಡರ್, ಪದ್ಮಿನಿ, ಜೀಪು, ಯಾವುದಾದರೂ ಸರಿ. ಗಾಡಿ, ಊರು, ತೊಂದರೆ ಮೂರೂ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಪದ್ಮಿನಿ ತುಮಕೂರು: ಮೇಸ್ತ್ರಿಗಳೇ, ನನ್ನದು 1986ರ ಗಾಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಶಬ್ದ. ಐದು ನಿಮಿಷಕ್ಕೆ ನಿಲ್ಲುತ್ತದೆ. ಒಬ್ಬರು ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಅನ್ನುತ್ತಾರೆ, ಇನ್ನೊಬ್ಬರು ಮ್ಯಾನಿಫೋಲ್ಡ್ ಅನ್ನುತ್ತಾರೆ.

ಮೇಸ್ತ್ರಿ: ಬಿಸಿಯಾದ ಮೇಲೆ ನಿಲ್ಲುತ್ತದೆ ಅಂದರೆ ಮೊದಲು ಮ್ಯಾನಿಫೋಲ್ಡ್ ನೋಡಿ. ಬೀಡು (ಎರಕದ ಕಬ್ಬಿಣ) ಕಾದರೆ ಹಿಗ್ಗುತ್ತದೆ, ಸಂದು ಮುಚ್ಚಿಕೊಳ್ಳುತ್ತದೆ. ಇಂಜಿನ್ ತಣ್ಣಗಿರುವಾಗ ಟಾರ್ಚ್ ಹಾಕಿ ಗ್ಯಾಸ್ಕೆಟ್ (ಸಂದಿನಲ್ಲಿ ಸೋರದಂತೆ ಇಡುವ ಹಾಳೆ) ಅಂಚು ನೋಡಿ. ಕಪ್ಪು ಮಸಿ ಬೀಸಣಿಗೆ ಥರ ಹರಡಿದ್ದರೆ ಸೋರಿಕೆ ಅಲ್ಲೇ. ಕಾಣದಿದ್ದರೆ ಇಂಜಿನ್ ಸ್ಟಾರ್ಟ್ ಮಾಡಿ ಒಂದು ಮೀಟರ್ ರಬ್ಬರ್ ಪೈಪ್ ತಗೊಳ್ಳಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪ್ರತಿ ಪೋರ್ಟಿನ (ಹೊಗೆ ಹೊರಬರುವ ಬಾಯಿಯ) ಹತ್ತಿರ. ಫ್ಯಾನಿನಿಂದ ಕೈ ದೂರ ಇರಲಿ.

ಜೀಪ್ ಮಡಿಕೇರಿ: ಮ್ಯಾನಿಫೋಲ್ಡ್ ಹೊಟ್ಟೆಯಲ್ಲಿ ಎರಡು ಇಂಚು ಬಿರುಕು ಬಿಟ್ಟಿದೆ. ಊರಲ್ಲಿ ಗೇಟಿಗೆ ವೆಲ್ಡಿಂಗ್ ಮಾಡುವವರು ಇನ್ನೂರು ರೂಪಾಯಿಗೆ ಮಾಡಿಕೊಡ್ತೀನಿ ಅಂತಿದ್ದಾರೆ. ಮಾಡಿಸಲಾ?

ಮೇಸ್ತ್ರಿ: ಬೇಡ. ಗೇಟು ಮೆತು ಉಕ್ಕು, ಇದು ಬೀಡು. ಸಾಮಾನ್ಯ ರಾಡ್ ಹಾಕಿದರೆ ಬೆಸುಗೆಯ ಪಕ್ಕದ ಕಬ್ಬಿಣ ಗಾಜಿನ ಹಾಗೆ ಗಡುಸಾಗುತ್ತದೆ, ಆಮೇಲೆ ಅದರ ಪಕ್ಕದಲ್ಲೇ ಸೀಳುತ್ತದೆ. ನಿಕ್ಕಲ್ ರಾಡ್ ಇರುವ, ಬೀಡು ಗೊತ್ತಿರುವ ಕೈ ಬೇಕು. ಬಿರುಕಿನ ಎರಡೂ ತುದಿಗೆ 3 ಎಂಎಂ ತೂತು ಹಾಕಬೇಕು, ಇಲ್ಲದಿದ್ದರೆ ಬಿರುಕು ಓಡುತ್ತಲೇ ಇರುತ್ತದೆ. ವಿ ಆಕಾರಕ್ಕೆ ಉಜ್ಜಿ ಹಳೇ ಮಸಿ, ಎಣ್ಣೆ ಸುಟ್ಟು ತೆಗೆಯಬೇಕು. ಒಂದೊಂದು ಇಂಚು ಹಾಕಿ, ಬಿಸಿ ಇರುವಾಗಲೇ ಮೆಲ್ಲಗೆ ಸುತ್ತಿಗೆಯಲ್ಲಿ ತಟ್ಟಿ, ತಣಿಯಲು ಬಿಟ್ಟು ಮುಂದಿನ ಇಂಚು. ಕೊನೆಗೆ ಒಣ ಸುಣ್ಣದ ಪುಡಿಯಲ್ಲೋ ಬೂದಿಯಲ್ಲೋ ಹೂತು ರಾತ್ರಿಯಿಡೀ ಬಿಡಬೇಕು. ನೀರು ಮುಟ್ಟಿಸಬಾರದು.

ಜೀಪ್ ಸಿರಸಿ: ನನ್ನದು ಸಾಮಾನ್ಯ ರಾಡಿನಲ್ಲೇ ಮಾಡಿಸಿದ್ದು. ಎಂಟು ವರ್ಷ ಆಯ್ತು, ಏನೂ ಆಗಿಲ್ಲ.

ಅಂಬಾಸಿಡರ್ ಹಾಸನ: ನಮಸ್ಕಾರ ಮೇಸ್ತ್ರಿಗಳೇ. ಅಪ್ಪನ ಕಾಲದ ಗಾಡಿ, 1489 ಸಿಸಿ ಪೆಟ್ರೋಲ್. ಎಂಟು ತಿಂಗಳಲ್ಲಿ ನಾಲ್ಕು ಗ್ಯಾಸ್ಕೆಟ್ ಹೋಯ್ತು. ಪ್ರತಿ ಸಲವೂ ಎರಡನೇ ಮತ್ತು ಮೂರನೇ ಸಿಲಿಂಡರಿನ ನಡುವೆ. ಮೊದಲ ಸಲ ಹೋದಾಗಲೇ ಮ್ಯಾನಿಫೋಲ್ಡ್ ಬಾಗಿದೆ ಅಂತ ಎಕ್ಸಾಸ್ಟ್ ಮಾತ್ರ ಬಿಚ್ಚಿ ಗ್ರೈಂಡಿಂಗ್ ಮಾಡಿಸಿದ್ದೆವು. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪಟಪಟ ಹೊಡೆಯುತ್ತದೆ. ಅಂದಹಾಗೆ ಮಳೆಗಾಲದಲ್ಲಿ ಸಕಲೇಶಪುರಕ್ಕೆ ಹೋಗುವಾಗ ಮಕ್ಕಳಿಗೆ ತಲೆನೋವು, ವಾಂತಿ. ಅದು ಘಾಟಿನ ತಿರುವಿಗೆ ಇರಬೇಕು.

ಮೇಸ್ತ್ರಿ: ಗ್ಯಾಸ್ಕೆಟ್ ಆಮೇಲೆ ನೋಡೋಣ. ನಿಮ್ಮ ಕೊನೆಯ ಸಾಲು ನನಗೆ ಭಯ ತರಿಸುತ್ತಿದೆ. ಇವತ್ತಿನಿಂದ ಆ ಗಾಡಿಯಲ್ಲಿ ಮಕ್ಕಳನ್ನು ಕೂರಿಸಬೇಡಿ. ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಂತಿ, ತೂಕಡಿಕೆ, ಇದೇ ಅದರ ಗುರುತು. ಮಳೆಗೆ ಗಾಜು ಏರಿಸಿರುತ್ತೀರಿ, ಏರಿನಲ್ಲಿ ಇಂಜಿನ್ ಜಾಸ್ತಿ ದುಡಿಯುತ್ತದೆ, ಗಾಡಿ ನಿಧಾನ. ಬಾನೆಟ್ ಒಳಗೆ ಸೋರಿದ ಹೊಗೆ ವೈರ್ ಬರುವ ತೂತು, ಪೆಡಲ್ ತೂತುಗಳಿಂದ ಒಳಗೆ ಬರುತ್ತದೆ. ಗಾಡಿಯಿಂದ ಇಳಿದು ಗಾಳಿಗೆ ಬಂದ ಮೇಲೆ ಮಕ್ಕಳು ಸರಿ ಹೋಗುತ್ತಿದ್ದರಾ? ಮುಂದೆ ಕೂತ ನಿಮಗೂ ತಲೆ ಭಾರ ಆಗುತ್ತಿತ್ತಾ? ಹಿಂದೆ ಕೂತವರಿಗೆ ಮಾತ್ರ ಅಂದರೆ ಡಿಕ್ಕಿಯ ರಬ್ಬರ್, ಸೈಲೆನ್ಸರ್ ಕೂಡ ನೋಡಬೇಕು. ಡಾಕ್ಟರಿಗೂ ಈ ವಿಷಯ ಹೇಳಿ. ಶೆಡ್ಡಿನ ಷಟರ್ ಹಾಕಿಕೊಂಡು ಇಂಜಿನ್ ಓಡಿಸಬೇಡಿ.

ಅಂಬಾಸಿಡರ್ ಹಾಸನ: ಇಳಿದ ಅರ್ಧ ಗಂಟೆಗೆ ಸರಿ ಹೋಗುತ್ತಿದ್ದರು ಸಾರ್. ನನಗೂ ತಲೆ ಭಾರ ಆಗುತ್ತಿತ್ತು. ನಿದ್ದೆ ಸಾಲದ್ದಕ್ಕೆ ಅಂದುಕೊಂಡಿದ್ದೆ.

ಮೇಸ್ತ್ರಿ: ಹಾಗಾದರೆ ಗಾಡಿ ನಿಲ್ಲಿಸಿ. ಈಗ ಗ್ಯಾಸ್ಕೆಟ್ ವಿಷಯ. ಈ ಇಂಜಿನ್‌ನಲ್ಲಿ ಇನ್ಲೆಟ್ (ಗಾಳಿ-ಪೆಟ್ರೋಲ್ ಒಳಗೆ ಹೋಗುವ ಮ್ಯಾನಿಫೋಲ್ಡ್), ಎಕ್ಸಾಸ್ಟ್ ಎರಡೂ ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಒಂದೇ ಪಕ್ಕಕ್ಕೆ, ಒಂದೇ ಗ್ಯಾಸ್ಕೆಟ್ ಮೇಲೆ ಕೂರುತ್ತವೆ. ಒಂದು ದಪ್ಪ ವಾಷರ್ ಅರ್ಧ ಇನ್ಲೆಟ್ ಕಿವಿಯ (ಬಿಗಿಯಲು ಹೊರಚಾಚಿದ ಭಾಗದ) ಮೇಲೆ, ಅರ್ಧ ಎಕ್ಸಾಸ್ಟ್ ಕಿವಿಯ ಮೇಲೆ ನಿಂತು ಎರಡನ್ನೂ ಒತ್ತುತ್ತದೆ. ನೀವು ಎಕ್ಸಾಸ್ಟ್ ಒಂದನ್ನೇ ಗ್ರೈಂಡ್ ಮಾಡಿಸಿದ್ದೀರಿ. ಅದು ತೆಳ್ಳಗಾಯ್ತು. ವಾಷರಿನ ಭಾರವೆಲ್ಲ ಇನ್ಲೆಟ್ ಮೇಲೆ, ಎಕ್ಸಾಸ್ಟ್ ಸಡಿಲ. ಎರಡು ಮೂರನೇ ಸಿಲಿಂಡರಿನ ಹೊಗೆ ಎರಡೂ ಆ ನಡುವಿನ ಒಂದೇ ಪೋರ್ಟಿನಲ್ಲಿ ಬರುತ್ತದೆ, ಕಾವು ಅಲ್ಲೇ ಜಾಸ್ತಿ. ಸುಡುವುದೂ ಅಲ್ಲೇ. ಎಷ್ಟು ಗ್ಯಾಸ್ಕೆಟ್ ಹಾಕಿದರೂ ಇದೇ ಕಥೆ. ಎರಡನ್ನೂ ಬಿಚ್ಚಿ, ಪ್ರತಿ ವಾಷರ್ ಕೂರುವ ಜಾಗದಲ್ಲಿ ಕಿವಿಯ ದಪ್ಪವನ್ನು ವರ್ನಿಯರ್‌ನಲ್ಲಿ ಅಳೆದು ಇಲ್ಲಿ ಬರೆಯಿರಿ. ಹಳೇ ವಾಷರ್‌ಗಳನ್ನು ಎಸೆಯಬೇಡಿ, ಒಂದು ಕಡೆ ಬಾಗಿದ್ದರೆ ಅದೇ ಸಾಕ್ಷಿ. ಹಳೇ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಒಣಗಿದ್ದಾಗ ಕೆರೆಯಬೇಡಿ, ನೀರು ಚಿಮುಕಿಸಿ ತೆಗೆಯಿರಿ.

ಪದ್ಮಿನಿ ಮಂಡ್ಯ: ನಂದೂ ಬೆಳಿಗ್ಗೆ ಟಿಕ್ ಟಿಕ್, ಆಮೇಲೆ ನಿಲ್ಲುತ್ತೆ. ಏನಿರಬಹುದು?

ಮೇಸ್ತ್ರಿ: ತುಮಕೂರಿನವರಿಗೆ ಹೇಳಿದ್ದೇನೆ. ಮೇಲೆ ಓದಿ.

ಹೆರಾಲ್ಡ್ ಬೆಂಗಳೂರು: ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಡೌನ್‌ಪೈಪ್ ಫ್ಲೇಂಜ್ (ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಪೈಪನ್ನು ಬಿಗಿಯುವ ಪಟ್ಟಿ) ಎಲ್ಲಿ ಸಿಗುತ್ತದೆ? ಜೆಸಿ ರಸ್ತೆ, ಶಿವಾಜಿನಗರ ಎರಡೂ ಸುತ್ತಿ ಬಂದೆ.

ಅಂಬಾಸಿಡರ್ ದಾವಣಗೆರೆ: ಇದು ನನಗೆ ಬಂದದ್ದು, ಎಲ್ಲರಿಗೂ ಉಪಯೋಗ ಆಗಲಿ. ಜಾಮ್ ಆದ ಮ್ಯಾನಿಫೋಲ್ಡ್ ನಟ್ ಬಿಚ್ಚಲು ಇಂಜಿನ್ ಚೆನ್ನಾಗಿ ಕಾಯಿಸಿ ತಣ್ಣೀರು ಸುರಿಯಿರಿ, ತುಕ್ಕು ಬಿಡುತ್ತದೆ. ಬಿರುಕಿಗೆ ಎಂ-ಸೀಲ್ ಮೆತ್ತಿ ಮೇಲೆ ಬ್ಯಾಂಡೇಜ್ ಪಟ್ಟಿ ಸುತ್ತಿ.

ಮೇಸ್ತ್ರಿ: ಇದನ್ನು ಯಾರೂ ಮಾಡಬೇಡಿ. ಕಾದ ಬೀಡಿಗೆ ತಣ್ಣೀರು ಬಿದ್ದರೆ ಸೀಳುತ್ತದೆ. ಅಷ್ಟೇ ಅಲ್ಲ, ಹಬೆ ಮುಖಕ್ಕೆ ಹೊಡೆಯುತ್ತದೆ. ಎಂ-ಸೀಲ್ ನೀರಿನ ಪೈಪಿಗೆ ಇರುವುದು, ಮ್ಯಾನಿಫೋಲ್ಡ್ ಕಾವಿಗೆ ಸುಟ್ಟು ಉದುರುತ್ತದೆ. ಪಟ್ಟಿ ಸುತ್ತಿದರೆ ಕಾವು ಒಳಗೇ ಉಳಿಯುತ್ತದೆ, ಬಿರುಕು ಬೆಳೆಯುವುದು ಕಣ್ಣಿಗೂ ಕಾಣುವುದಿಲ್ಲ. ಹಾಸನದವರ ಮಕ್ಕಳ ವಿಷಯ ಈಗ ತಾನೇ ಬರೆದಿದ್ದೇನೆ, ಅದರ ಕೆಳಗೇ ಇದನ್ನು ಹಾಕುತ್ತೀರಲ್ಲಾ?

ಅಂಬಾಸಿಡರ್ ದಾವಣಗೆರೆ: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಕೋಪ ಯಾಕೆ?

ಜೀಪ್ ಮಡಿಕೇರಿ: ಮತ್ತೆ ಜಾಮ್ ಆದ ನಟ್ ಹೇಗೆ ಬಿಚ್ಚೋದು?

ಮೇಸ್ತ್ರಿ: ಹಿಂದಿನ ದಿನ ತುಕ್ಕು ಬಿಡಿಸುವ ಎಣ್ಣೆ ಬಿಡಿ. ಮರುದಿನ ಎಣ್ಣೆ ಒರೆಸಿ, ಪೆಟ್ರೋಲ್ ಪೈಪು, ಕಾರ್ಬುರೇಟರ್ ತೆಗೆದು ದೂರ ಇಟ್ಟು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ಗ್ಯಾಸ್ ಟಾರ್ಚಿನಲ್ಲಿ ನಟ್ ಮಾತ್ರ ಕೆಂಪಗೆ ಕಾಯಿಸಿ. ಕೆಂಪು ಹೋದ ಮೇಲೆ ಮೇಣದ ಬತ್ತಿ ಮುಟ್ಟಿಸಿ, ಮೇಣ ನಟ್ಟಿನ ಥ್ರೆಡ್ಡಿನ ಒಳಗೆ ಇಳಿಯುತ್ತದೆ. ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಒಂದೇ ಸಲ ಎಳೆದರೆ ನಟ್ ಕೂತಿರುವ ಸ್ಟಡ್ ಬೋಲ್ಟ್ ಮುರಿಯುತ್ತದೆ. ಹೊಸದಾಗಿ ಹಾಕುವಾಗ ಹಿತ್ತಾಳೆ ನಟ್ ಹಾಕಿ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ.

ಜೀಪ್ ಸಿರಸಿ: ನನ್ನ ಎಂಟು ವರ್ಷದ ವೆಲ್ಡಿಂಗ್ ಬಗ್ಗೆ ಯಾರೂ ಮಾತಾಡಲಿಲ್ಲ.

ಪದ್ಮಿನಿ ತುಮಕೂರು: ನಿಮ್ಮ ಅದೃಷ್ಟ ಸಾರ್. ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ?

ಜೀಪ್ ಸಿರಸಿ: ಅದು ಈಗ ಯಾಕೆ? ತೋಟಕ್ಕೆ ದಿನಾ ಹೋಗುತ್ತೆ. ಪುಸ್ತಕ ಓದಿ ಹೇಳುವುದಲ್ಲ ಇದು.

ಪದ್ಮಿನಿ ತುಮಕೂರು: ಮೇಸ್ತ್ರಿಗಳು ಪುಸ್ತಕ ಓದಿ ಹೇಳುತ್ತಿದ್ದಾರಾ? ಮಾತು ನೋಡಿ ಆಡಿ.

ಅಂಬಾಸಿಡರ್ ಬೆಂಗಳೂರು: ಜಗಳ ಯಾಕೆ? ಬೀಡನ್ನೇ ಬಿಟ್ಟು ಪೈಪ್ ಹೆಡರ್ (ಪೈಪು ಬೆಸೆದು ಮಾಡಿದ ಮ್ಯಾನಿಫೋಲ್ಡ್) ಮಾಡಿಸಿ. ನಾನು ಜಿಐ ಪೈಪಿನಲ್ಲಿ ಮಾಡಿಸುತ್ತಿದ್ದೇನೆ.

ಪದ್ಮಿನಿ ಮಂಡ್ಯ: ಹಳೇ ಗಾಡಿಗೆ ಹೆಡರ್ ಹಾಕಿದರೆ ಅದು ಹಳೇ ಗಾಡಿಯೇ ಅಲ್ಲ.

ಅಂಬಾಸಿಡರ್ ಬೆಂಗಳೂರು: ಗಾಡಿ ನಿಮ್ಮದಾ?

ಮೇಸ್ತ್ರಿ: ಹೆಡರ್ ಬೇಕೋ ಬೇಡವೋ ನಿಮ್ಮಿಷ್ಟ. ಜಿಐ ಪೈಪ್ ಮಾತ್ರ ಬೇಡ. ಅದರ ಮೇಲೆ ಸತು ಇದೆ. ವೆಲ್ಡಿಂಗ್ ಮಾಡುವವನು ಅದರ ಹೊಗೆ ಕುಡಿದರೆ ರಾತ್ರಿ ಚಳಿ ಜ್ವರ ಬರುತ್ತದೆ. ಸಿರಸಿಯವರೇ, ನಿಮ್ಮದು ಉಳಿದಿದ್ದರೆ ಸಂತೋಷ. ಹಾಗೆ ಮಾಡಿಸಿ ಸೀಳಿದ ಮ್ಯಾನಿಫೋಲ್ಡ್‌ಗಳು ನನ್ನ ಶೆಡ್ಡಿನ ಮೂಲೆಯಲ್ಲಿ ಏಳಿವೆ.

ಜೀಪ್ ಬೆಳಗಾವಿ: ನಮ್ಮಲ್ಲಿ ಫೌಂಡ್ರಿ ಬೇಕಾದಷ್ಟಿವೆ. ಹಳೇ ಮ್ಯಾನಿಫೋಲ್ಡನ್ನೇ ಮರಳಿನಲ್ಲಿ ಒತ್ತಿ ಹೊಸದು ಎರಕ ಹೊಯ್ಯಬಹುದಲ್ಲಾ?

ಮೇಸ್ತ್ರಿ: ಒಳ್ಳೆಯ ಪ್ರಶ್ನೆ. ಹಾಗೇ ಒತ್ತಿದರೆ ಚಿಕ್ಕದಾಗುತ್ತದೆ. ಬೀಡು ತಣಿಯುವಾಗ ನೂರಕ್ಕೆ ಒಂದು ಪಾಲು ಕುಗ್ಗುತ್ತದೆ. 400 ಎಂಎಂ ಉದ್ದಕ್ಕೆ 4 ಎಂಎಂ ಹೋಯ್ತು, ಸ್ಟಡ್ ತೂತು ಕೂರುವುದಿಲ್ಲ. ಕುಗ್ಗುವಷ್ಟು ದೊಡ್ಡದು ಮಾಡಿ ಮರದ ಪ್ಯಾಟರ್ನ್ (ಅಚ್ಚಿಗೆ ಒತ್ತುವ ಮಾದರಿ) ಮಾಡಿಸಬೇಕು. ಮುಖದ ಮೇಲೆ ಮಷಿನಿಂಗ್‌ಗೆ 3 ಎಂಎಂ ಬಿಡಿಸಿ. ಐದಾರು ಜನ ಸೇರಿ ಮಾಡಿಸಿದರೆ ಖರ್ಚು ಹಂಚಿಹೋಗುತ್ತದೆ. ನಾನು ಅಳತೆ ಕೊಡುತ್ತೇನೆ.

ಅಂಬಾಸಿಡರ್ ಮೈಸೂರು: ಕೆಂಪು ಸಿಲಿಕಾನ್ ಪೇಸ್ಟ್ ಹಾಕಬಹುದಾ?

ಮೇಸ್ತ್ರಿ: ಬೇಡ. ಸುಟ್ಟುಹೋಗುತ್ತದೆ.

ಪದ್ಮಿನಿ ಕೋಲಾರ: ಬೆಳಿಗ್ಗೆ ಮಾತ್ರ ಟಿಕ್ ಟಿಕ್ ಅನ್ನುತ್ತೆ...

ಮೇಸ್ತ್ರಿ: ಮೇಲೆ.

ಹೆರಾಲ್ಡ್ ಬೆಂಗಳೂರು: ನನ್ನ ಫ್ಲೇಂಜ್ ಪ್ರಶ್ನೆ ಯಾರಾದರೂ ನೋಡಿದಿರಾ?

ಅಂಬಾಸಿಡರ್ ಹಾಸನ: ಬಿಚ್ಚಿದೆ ಸಾರ್. ಇನ್ಲೆಟ್ ಕಿವಿಗಿಂತ ಎಕ್ಸಾಸ್ಟ್ ಕಿವಿ 0.7 ಎಂಎಂ ತೆಳ್ಳಗಿದೆ. ನಡುವಿನ ಎರಡು ವಾಷರ್ ಓರೆಯಾಗಿವೆ. ಪೆಡಲ್ ಹತ್ತಿರ ಎರಡು ರಬ್ಬರ್ ಬಿರಡೆಗಳೇ ಇಲ್ಲ.

ಮೇಸ್ತ್ರಿ: ಅದೇ ನೋಡಿ. ಎರಡನ್ನೂ ಒಟ್ಟಿಗೆ ಮಷಿನ್ ಶಾಪಿಗೆ ತಗೊಂಡು ಹೋಗಿ. ಗ್ಯಾಸ್ಕೆಟ್ ಮುಖ ಎರಡೂ ಒಂದೇ ಮಟ್ಟಕ್ಕೆ ಬರಲಿ. ಆಮೇಲೆ ಇನ್ಲೆಟ್‌ನಲ್ಲಿ ವಾಷರ್ ಕೂರುವ ಮುಂದಿನ ಮುಖವನ್ನು ತೆಗೆಸಿ ಎಕ್ಸಾಸ್ಟ್ ದಪ್ಪಕ್ಕೆ ಸಮ ಮಾಡಿಸಿ. ಎರಡನ್ನೂ ಒಂದಕ್ಕೊಂದು ಕೂಡಿಸುವ ಬೋಲ್ಟ್ ಇದ್ದರೆ ಸಡಿಲ ಬಿಟ್ಟು ಹೆಡ್ಡಿಗೆ ಕೂರಿಸಿ, ಆಮೇಲೆ ಬಿಗಿ ಮಾಡಿ. ಹೊಸ ದಪ್ಪ ವಾಷರ್, ಹಿತ್ತಾಳೆ ನಟ್ ಹಾಕಿ, ನಡುವಿನಿಂದ ಹೊರಗಿನ ಕಡೆಗೆ 15 ಅಡಿ-ಪೌಂಡ್ ಬಿಗಿ ಮಾಡಿ. ಒಂದು ಸಲ ಕಾಯಿಸಿ, ಪೂರ್ತಿ ತಣಿದ ಮೇಲೆ ಮತ್ತೆ ಬಿಗಿ ನೋಡಿ. ಬಿರಡೆ ಹಾಕದೆ ಗಾಡಿ ರಸ್ತೆಗೆ ತರಬೇಡಿ. ಮೊದಲ ಓಟಕ್ಕೆ ಗಾಜು ಇಳಿಸಿ ನೀವೊಬ್ಬರೇ ಹೋಗಿ.

ಅಂಬಾಸಿಡರ್ ಹಾಸನ: ಆಯ್ತು ಸಾರ್. ಮಕ್ಕಳನ್ನು ಈ ವಾರ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತೇನೆ.